ಓದುಗರ ಪ್ರಶ್ನೆಗೆ ಉತ್ತರ: ಪೌಂಡು, ಡಾಲರು ಮತ್ತು ತೋಟದ ಹಳೆಯ ಲೆಕ್ಕ

ಪ್ರಶ್ನೆ: ನಮ್ಮ ಅಜ್ಜ ಇಂಗ್ಲಿಷ್ ದೊರೆಯೊಬ್ಬರ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಅವರ ಲೆಕ್ಕದ ಪುಸ್ತಕದಲ್ಲಿ 1948ರಲ್ಲೂ 1951ರಲ್ಲೂ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ ಎಂದೇ ಬರೆದಿದೆ. ಆದರೆ 1949ರಲ್ಲಿ ರೂಪಾಯಿಯ ಅಪಮೌಲ್ಯವಾಯಿತೆಂದು ಓದಿದ್ದೇನೆ. ಸ್ವಾತಂತ್ರ್ಯ ಬಂದಾಗ ಒಂದು ರೂಪಾಯಿಗೆ ಒಂದು ಡಾಲರ್ ಸಿಗುತ್ತಿತ್ತು ಎಂಬ ಸಂದೇಶವೂ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿರುತ್ತದೆ. ಯಾವುದನ್ನು ನಂಬಬೇಕು?
— ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ತಮ್ಮ ಅಜ್ಜನವರ ಪುಸ್ತಕವನ್ನು ನಂಬಬಹುದು, ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಬೇಕಾಗಿಲ್ಲ. ಭಾರತದ ಹಣದ ವ್ಯವಸ್ಥೆಯನ್ನು ಪರಿಶೀಲಿಸಿದ ಹಿಲ್ಟನ್ ಯಂಗ್ ಆಯೋಗದ ಶಿಫಾರಸಿನಂತೆ 1927ರಲ್ಲಿ ರೂಪಾಯಿಯ ಬೆಲೆಯನ್ನು ಒಂದು ಶಿಲಿಂಗ್ ಆರು ಪೆನ್ಸ್, ಅಂದರೆ 18 ಪೆನ್ಸ್, ಎಂದು ಕಾನೂನಿನ ಮೂಲಕ ನಿಗದಿ ಮಾಡಲಾಯಿತು. ಪೌಂಡಿಗೆ 240 ಪೆನ್ಸ್. ಅದನ್ನು 18ರಿಂದ ಭಾಗಿಸಿದರೆ ಹದಿಮೂರು ರೂಪಾಯಿ ಮತ್ತು ಒಂದು ರೂಪಾಯಿಯ ಮೂರನೆಯ ಒಂದು ಪಾಲು ಬರುತ್ತದೆ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂಬ ಲೆಕ್ಕದಲ್ಲಿ ಆ ಪಾಲೆಂದರೆ ಸರಿಯಾಗಿ 5 ಆಣೆ 4 ಪೈ. ಅಜ್ಜನವರು ಒಂದು ಪೈಯನ್ನೂ ಬಿಡದೆ ಬರೆದಿದ್ದಾರೆ.

ಈ ದರ 1966ರ ಜೂನ್‌ವರೆಗೂ ಕದಲಲಿಲ್ಲ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದ ಮೇಲೆ ಬರೆಯುವ ರೀತಿ ಮಾತ್ರ ಬದಲಾಯಿತು. ಹಾಗಾದರೆ 1949ರಲ್ಲಿ ನಡೆದದ್ದೇನು? ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು 4.03 ಡಾಲರ್‌ನಿಂದ 2.80 ಡಾಲರ್‌ಗೆ ಇಳಿಸಿತು. ಪೌಂಡಿಗೆ ಕಟ್ಟಿಕೊಂಡಿದ್ದ ರೂಪಾಯಿಯೂ ಅದೇ ಪ್ರಮಾಣದಲ್ಲಿ ಇಳಿಯಿತು. ಎರಡೂ ಒಟ್ಟಿಗೆ ಇಳಿದುದರಿಂದ ಅವುಗಳ ನಡುವಿನ ದರದಲ್ಲಿ ವ್ಯತ್ಯಾಸವಾಗಲಿಲ್ಲ. ಪೌಂಡಿನಲ್ಲಿ ಲೆಕ್ಕ ಇಡುತ್ತಿದ್ದ ತೋಟದ ಪುಸ್ತಕದಲ್ಲಿ ಅಪಮೌಲ್ಯದ ಸುಳಿವೂ ಸಿಗುವುದಿಲ್ಲ. ಅದೇ ಪುಸ್ತಕವನ್ನು ಡಾಲರಿನಲ್ಲಿ ಬರೆದಿದ್ದರೆ 3.31 ರೂಪಾಯಿ ಇದ್ದದ್ದು ಒಮ್ಮೆಲೇ 4.76 ಆದದ್ದು ಎದ್ದು ಕಾಣುತ್ತಿತ್ತು. ಆಗ ತನ್ನ ರೂಪಾಯಿಯ ಬೆಲೆ ಇಳಿಸಲು ಒಪ್ಪದ ಪಾಕಿಸ್ತಾನದೊಡನೆ ನಮ್ಮ ವ್ಯಾಪಾರವೇ ಕೆಲಕಾಲ ಬಿಗಡಾಯಿಸಿತು.

ಇದರಿಂದ 1947ರ ಪ್ರಶ್ನೆಗೂ ಉತ್ತರ ಸಿಕ್ಕಂತಾಯಿತು. ಹದಿಮೂರು ಚಿಲ್ಲರೆ ರೂಪಾಯಿಯ ಪೌಂಡಿಗೆ 4.03 ಡಾಲರ್ ಎಂದಾದರೆ ಡಾಲರಿಗೆ ಸುಮಾರು 3.31 ರೂಪಾಯಿ. ದೇಶಕ್ಕೆ ಆಗ ವಿದೇಶಿ ಸಾಲವಿರಲಿಲ್ಲ, ಆದ್ದರಿಂದ ರೂಪಾಯಿ ಡಾಲರಿಗೆ ಸಮವಾಗಿತ್ತು ಎಂದು ಆ ಸಂದೇಶಗಳು ವಾದಿಸುತ್ತವೆ. ಯುದ್ಧಕಾಲದ ಖರೀದಿಗಳ ಬಾಬ್ತು ಬ್ರಿಟನ್ನೇ ಭಾರತಕ್ಕೆ ದೊಡ್ಡ ಮೊತ್ತ ಬಾಕಿ ಉಳಿಸಿಕೊಂಡಿದ್ದದ್ದು ನಿಜ. ಆದರೆ ದರ ನಿಂತಿದ್ದದ್ದು ಸಾಲದ ಮೇಲಲ್ಲ, 1927ರ ಆ ಹದಿನೆಂಟು ಪೆನ್ಸಿನ ಮೇಲೆ.

ಪ್ರಶ್ನೆ: 1966ರಲ್ಲಿ ರೂಪಾಯಿ ಶೇ 36.5ರಷ್ಟು ಇಳಿಯಿತೆಂದು ಒಬ್ಬರು, ಡಾಲರ್ ಶೇ 57.5ರಷ್ಟು ಏರಿತೆಂದು ಇನ್ನೊಬ್ಬರು ಹೇಳುತ್ತಾರೆ. ಯಾರು ಸರಿ? ಕಾಫಿ ಬೆಳೆಗಾರರಿಗೆ ಅದರಿಂದ ಲಾಭವಾಯಿತೆ?
— ಬೆಳೆಗಾರರೊಬ್ಬರು, ಸಿದ್ದಾಪುರ

ಉತ್ತರ: ಇಬ್ಬರೂ ಸರಿ. 1966ರ ಜೂನ್ 6ರಂದು ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿತು. ಡಾಲರ್ ಕೊಳ್ಳುವವನು ಶೇ 57.5ರಷ್ಟು ಹೆಚ್ಚು ರೂಪಾಯಿ ಕೊಡಬೇಕಾಯಿತು. ರೂಪಾಯಿ ಹಿಡಿದವನಿಗೆ ಶೇ 36.5ರಷ್ಟು ಕಡಿಮೆ ಡಾಲರ್ ಸಿಕ್ಕಿತು. ಪೌಂಡು ಅಂದು 21 ರೂಪಾಯಿಗೆ ಏರಿ, 1967ರ ನವೆಂಬರ್‌ನಲ್ಲಿ ಬ್ರಿಟನ್ ಮತ್ತೆ ತನ್ನ ಪೌಂಡನ್ನು ಇಳಿಸಿದಾಗ 18ಕ್ಕೆ ಬಂತು, ಏಕೆಂದರೆ ಈ ಸಲ ಭಾರತ ಅದರ ಹಿಂದೆ ಹೋಗಲಿಲ್ಲ.

ಲಾಭದ ವಿಷಯ ಅಷ್ಟು ನೇರವಾದುದಲ್ಲ. ಆ ಕಾಲದಲ್ಲಿ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ) ಒಪ್ಪಿಸಬೇಕಿತ್ತು. ಮಂಡಳಿ ರಫ್ತಿಗೂ ದೇಶದೊಳಗಿನ ಬಳಕೆಗೂ ಮಾರಿ, ಬಂದ ಹಣವನ್ನು ಕಾಫಿಯ ದರ್ಜೆಗೆ ತಕ್ಕಂತೆ ಕಂತುಗಳಲ್ಲಿ ಹಂಚುತ್ತಿತ್ತು. ಹೀಗಾಗಿ ಡಾಲರ್ ಏರಿದ ದಿನವೇ ಸಿದ್ದಾಪುರದ ತೋಟಕ್ಕೆ ಅದರ ಫಲ ಮುಟ್ಟುವ ದಾರಿಯೇ ಇರಲಿಲ್ಲ. ವಿನಿಮಯ ದರ ಇಲ್ಲಿನ ಬೆಳೆಗಾರನ ದಿನನಿತ್ಯದ ಚಿಂತೆಯಾದದ್ದು 1990ರ ದಶಕದಲ್ಲಿ ಮುಕ್ತ ಮಾರಾಟಕ್ಕೆ ಅವಕಾಶ ಸಿಕ್ಕ ಮೇಲೆಯೇ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: 1990ರ ದಶಕದ ಕಾಫಿ ದರವನ್ನು ರೂಪಾಯಿಗೆ ಪರಿವರ್ತಿಸಲು ಡಾಲರಿನ ವಾರ್ಷಿಕ ಸರಾಸರಿ ದರವನ್ನು ಬಳಸಬಹುದೆ?
— ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಕೆಲವು ವರ್ಷಗಳಿಗೆ ಬಳಸಬಹುದು, ಕೆಲವಕ್ಕೆ ಬಳಸಬಾರದು. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಅಂಕಿಅಂಶಗಳ ಕೈಪಿಡಿಯಲ್ಲಿ 1991-92ರ ಸರಾಸರಿ 24.47 ರೂಪಾಯಿ ಎಂದಿದೆ. ಆದರೆ 1991ರ ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯ ಬೆಲೆ ಇಳಿಸಲಾಗಿತ್ತು: ಅದಕ್ಕೆ ಮೊದಲು ಡಾಲರಿಗೆ ಸುಮಾರು 21, ಅನಂತರ ಸುಮಾರು 26. ಸರಾಸರಿಯ 24.47 ಈ ಎರಡೂ ಅವಧಿಗಳ ದರವಲ್ಲ. ಆ ವರ್ಷಕ್ಕೆ ಮಾಸಿಕ ದರವನ್ನೇ ಹಿಡಿಯಬೇಕು. 1992ರ ಮಾರ್ಚ್‌ನಿಂದ ಒಂದು ವರ್ಷ ಸರ್ಕಾರಿ ದರ, ಮಾರುಕಟ್ಟೆ ದರ ಎಂದು ಎರಡು ದರಗಳಿದ್ದವು. ರಫ್ತುದಾರ ತಂದ ಡಾಲರಿನಲ್ಲಿ ಶೇ 40 ಸರ್ಕಾರಿ ದರಕ್ಕೆ, ಶೇ 60 ಮಾರುಕಟ್ಟೆ ದರಕ್ಕೆ ಹೋಗುತ್ತಿತ್ತು. ಆದ್ದರಿಂದ ಅಲ್ಲಿಯೂ ಒಂದೇ ಅಂಕಿ ಸಾಲದು.

ಇದಕ್ಕೆ ವ್ಯತಿರಿಕ್ತವಾಗಿ 1993-94ರ ಸರಾಸರಿ 31.37, ಮರುವರ್ಷದ್ದು 31.40. ಮೂರು ಪೈಸೆಯ ಅಂತರ! 1994ರ ನಡುವಿನಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸಿಕ್ಕಿ ಕಾಫಿ ದರ ಜಿಗಿದದ್ದನ್ನು ಕೊಡಗಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಏರಿಕೆಯಲ್ಲಿ ರೂಪಾಯಿಯ ಪಾತ್ರ ಏನೇನೂ ಇರಲಿಲ್ಲವೆಂದು ಈ ಅಂಕಿಗಳೇ ಹೇಳುತ್ತವೆ.

ಅಳತೆಯ ಬಗ್ಗೆಯೂ ಎಚ್ಚರವಿರಲಿ. ನ್ಯೂಯಾರ್ಕ್‌ನಲ್ಲಿ ಅರೇಬಿಕಾ ದರವನ್ನು ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಎಂದೂ, ಲಂಡನ್ನಿನಲ್ಲಿ ರೊಬಸ್ಟಾ ದರವನ್ನು ಈಗ ಟನ್ನಿಗೆ ಇಷ್ಟು ಡಾಲರ್ ಎಂದೂ ಹೇಳುತ್ತಾರೆ. ಟನ್ನಿನ ದರವನ್ನು ವಿನಿಮಯ ದರದಿಂದ ಗುಣಿಸಿ ಇಪ್ಪತ್ತರಿಂದ ಭಾಗಿಸಿದರೆ 50 ಕಿಲೋ ಹಸನಾದ ಬೀಜದ ಬೆಲೆ ಬರುತ್ತದೆ. ಗೋಣಿಕೊಪ್ಪಲಿನ ವ್ಯಾಪಾರಿ ಹೇಳುವ ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) ಮೂಟೆಯ ದರಕ್ಕೆ ಅದನ್ನು ಹೋಲಿಸಬೇಕಾದರೆ ಮೊದಲು ಔಟ್‌ಟರ್ನ್, ಅಂದರೆ ಒಂದು ಮೂಟೆ ಚೆರ್ರಿಯಿಂದ ಎಷ್ಟು ಹಸನಾದ ಬೀಜ ಸಿಗುತ್ತದೆ ಎಂಬ ಲೆಕ್ಕ ಹಾಕಿಕೊಳ್ಳಬೇಕು.