ತುರ್ತು ಚೀಲ ಬೇರೆಯವರ ಕೈಗೆ ಸಿಕ್ಕರೆ?

ಪ್ರಶ್ನೆ: ನೆರೆ, ಬೆಂಕಿಯಂಥ ಹೊತ್ತಿಗೆಂದು ತುರ್ತು ಚೀಲ ಕಟ್ಟಿಟ್ಟಿದ್ದೇವೆ. ಎಲ್ಲರ ಗುರುತಿನ ಚೀಟಿ, ಪಾಸ್‌ಬುಕ್, ಆಸ್ತಿಪತ್ರಗಳ ಜೆರಾಕ್ಸ್ ಅದರಲ್ಲೇ ಇವೆ. ಗದ್ದಲದಲ್ಲಿ ಚೀಲವೇ ಕಳೆದರೆ ಏನು ಗತಿ?

ಉತ್ತರ: ಕಳೆದೇ ಹೋಗುತ್ತದೆ ಎಂದುಕೊಂಡು ಕಟ್ಟಿ. ಕಾಗದದಲ್ಲಿ ಇರಬೇಕಾದದ್ದು ಬಹಳ ಕಡಿಮೆ: ಇಬ್ಬರು ಆಪ್ತರ ಫೋನ್ ನಂಬರ್, ರಕ್ತದ ಗುಂಪು, ಅಲರ್ಜಿ, ದಿನವೂ ನುಂಗುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ. ಗುರುತಿನ ಚೀಟಿ ಜೇಬಿನಲ್ಲಿರಲಿ, ಚೀಲದಲ್ಲಿ ಬೇಡ.

ಉಳಿದದ್ದನ್ನೆಲ್ಲ ಸ್ಕ್ಯಾನ್ ಮಾಡಿ, 7-ಜಿಪ್ ಎಂಬ, ಕಡತಗಳನ್ನು ಒಟ್ಟುಗೂಡಿಸುವ ತಂತ್ರಾಂಶದ ಸ್ವಂತ ಮಾದರಿಯಲ್ಲಿ (7z) ಪಾಸ್‌ವರ್ಡ್ ಹಾಕಿ ಒಂದೇ ಕಡತ ಮಾಡಿ ಪೆನ್‌ಡ್ರೈವ್‌ಗೆ ಹಾಕಿ. ಕಡತಗಳ ಹೆಸರನ್ನೂ ಎನ್‌ಕ್ರಿಪ್ಟ್ ಮಾಡುವ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ) ಆಯ್ಕೆಗೆ ಟಿಕ್ ಹಾಕಲು ಮರೆಯಬೇಡಿ. ಮರೆತರೆ ಒಳಗಿನದು ತೆರೆಯದಿದ್ದರೂ ಹೆಸರುಗಳ ಪಟ್ಟಿ ಯಾರಿಗಾದರೂ ಕಾಣುತ್ತದೆ. ಸಾಮಾನ್ಯ ಜಿಪ್ ಮಾದರಿಯಲ್ಲಿ ಈ ಆಯ್ಕೆಯೇ ಇಲ್ಲ. ಇದೇ ಕೆಲಸಕ್ಕೆ ಬಳಸುವ ವೆರಾಕ್ರಿಪ್ಟ್ ತಂತ್ರಾಂಶ ಕೂಡ ಗಟ್ಟಿಯಾದದ್ದೇ, ಆದರೆ ಅಡ್ಮಿನ್ ಅನುಮತಿಯಿಲ್ಲದೆ ಬೇರೆಯವರ ವಿಂಡೋಸ್ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ತುರ್ತಿನಲ್ಲಿ ಕೈಕೊಡುವುದು ಅಲ್ಲೇ.

ಶಿಬಿರದ ಕಂಪ್ಯೂಟರಿನಲ್ಲಿ ಕಡತ ತೆರೆಯಲೇಬೇಡಿ. ಬಿಚ್ಚಿದ ಪ್ರತಿ ಅದರ ತಾತ್ಕಾಲಿಕ ಫೋಲ್ಡರಿನಲ್ಲಿ ಉಳಿದುಬಿಡಬಹುದು. ನಿಮ್ಮ ಫೋನಿಗೆ ಒಟಿಜಿ ಕೇಬಲ್ (ಪೆನ್‌ಡ್ರೈವನ್ನು ಫೋನಿಗೆ ಜೋಡಿಸುವ ತಂತಿ) ಹಾಕಿ ನೋಡಿ. ಕಡತ ತೆರೆಯುವ ಆ್ಯಪ್ ಈಗಲೇ ಹಾಕಿಕೊಂಡಿರಿ, ಆಗ ಇಂಟರ್ನೆಟ್ ಇರದು. ಪೆನ್‌ಡ್ರೈವನ್ನು ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಹಳೆಯ ಫೋನೂ ಓದುತ್ತದೆ. ಆರು ತಿಂಗಳಿಗೊಮ್ಮೆ ತೆರೆದು ನೋಡಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಪೆನ್‌ಡ್ರೈವ್ ಅಗ್ಗದ್ದಾದಷ್ಟೂ ನಂಬಿಕೆಗೆ ಯೋಗ್ಯವಲ್ಲ.

ಪಾಸ್‌ವರ್ಡ್‌ಗೆ ದಾಳ ಎಸೆದು ಪದ ಆರಿಸುವ, 7,776 ಪದಗಳ ಡೈಸ್‌ವೇರ್ ಪಟ್ಟಿ ಬಳಸಿ: ಒಂದು ಪದಕ್ಕೆ ದಾಳ ಐದು ಸಲ ಎಸೆದು, ಬಂದ ಐದು ಅಂಕಿಗಳ ಎದುರಿನ ಪದ ತೆಗೆದುಕೊಳ್ಳಿ, ಒಟ್ಟು ಆರು ಪದ. ನೀವೇ ಆರಿಸಿದ ಪದಗಳು ಬೇಡ. ಗಾಬರಿಯಲ್ಲಿ ಮರೆಯುವುದು ಸಹಜ, ಹಾಗಾಗಿ ಬರೆದ ಚೀಟಿ ಬೇರೆ ಊರಿನ ನಂಬಿಕಸ್ಥರ ಬಳಿ ಇರಲಿ.

ಇನ್ನೊಂದು, ಬಹಳ ಜನ ಎಡವುವುದು ಇಲ್ಲಿ: ಫೋನ್ ನೀರುಪಾಲಾದರೆ ಒಟಿಪಿ ಬರುವುದಿಲ್ಲ, ನಿಮ್ಮ ಮೇಲ್‌ಗೆ ನೀವೇ ಹೊರಗಿನವರು. ಒಟಿಪಿಯ ಬದಲು ಬಳಸಲೆಂದು ಗೂಗಲ್ 8 ಅಂಕಿಗಳ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಬಾರಿಗೆ. ಖಾತೆಯ ಹೆಸರು ಬರೆಯದೆ ಅವನ್ನಷ್ಟೇ ಚೀಲದಲ್ಲಿಡಿ.

ಪ್ರಶ್ನೆ: ತುರ್ತಿಗೆಂದು ಕೂಡಿಟ್ಟ ದಾಸ್ತಾನಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಬಹುದೇ?

ಉತ್ತರ: ಬೇಡ. ಹಾಕಲೇಬೇಕಿದ್ದರೆ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ ತೆಗೆಯಿರಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಕಡತದೊಡನೆ ಮನೆಯ ಅಕ್ಷಾಂಶ-ರೇಖಾಂಶವೂ ಹೋಗುತ್ತದೆ. ದಾಸ್ತಾನು ತರಿಸಿದ ಡಬ್ಬಗಳನ್ನು ಕಸಕ್ಕೆ ಹಾಕುವಾಗಲೂ ವಿಳಾಸದ ಚೀಟಿ ಕಿತ್ತು ಹರಿಯಿರಿ. ಆದರೆ ಮನೆಯಲ್ಲಿ ಎಷ್ಟು ಜನ, ಯಾರು ನಡೆಯಲಾರರು ಎಂಬುದನ್ನು ಗುಟ್ಟು ಮಾಡಬೇಡಿ. ಪಕ್ಕದ ಮನೆಯ ಒಬ್ಬರಿಗಾದರೂ ತಿಳಿದಿರಲಿ, ರಕ್ಷಣೆಗೆ ಬಂದವರು ಅವರನ್ನೇ ಕೇಳುತ್ತಾರೆ.