ಬಾಗಿಲು ತಟ್ಟಿದವರು ಯಾರು?

ಪ್ರಶ್ನೆ: ಮೇಡಂ, ನಿಮಗೆ ದೆವ್ವದ ಕಾದಂಬರಿಗಳ ಹುಚ್ಚು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ಈಚೆಗೆ ಏನು ಓದಿದಿರಿ? ಈ ವಯಸ್ಸಿನಲ್ಲೂ ಹೆದರಿಕೆ ಆಗುತ್ತಾ?
– ಓದುಗರೊಬ್ಬರು, ಸಾಗರ

ಉತ್ತರ: ವಯಸ್ಸು ಯಾಕೆ ಕೆದಕ್ತೀರಿ ಸ್ವಾಮಿ! ಐವತ್ತೆಂಟು. ಹೆದರಿಕೆ ಚೆನ್ನಾಗೇ ಆಗುತ್ತೆ. ಹೋದ ತಿಂಗಳು ಸ್ಟೀಫನ್ ಗ್ರಹಾಂ ಜೋನ್ಸ್ ಅವರ ‘ದಿ ಬಫಲೋ ಹಂಟರ್ ಹಂಟರ್’ ಓದುತ್ತಿದ್ದಾಗ ರಾತ್ರಿ ಬಚ್ಚಲಿಗೆ ಹೋಗಲು ಯಜಮಾನರನ್ನು ಎಬ್ಬಿಸಿದೆ. ಈಗ ಮನೆಗೆ ಬಂದವರಿಗೆಲ್ಲ ಅದೇ ಕಥೆ ಹೇಳುತ್ತಾರೆ.

2025ರಲ್ಲಿ ಬಂದ ಪುಸ್ತಕ ಅದು. ಜೋನ್ಸ್ ಅಮೆರಿಕದ ಮೂಲನಿವಾಸಿ, ಬ್ಲ್ಯಾಕ್‌ಫೀಟ್ ಬುಡಕಟ್ಟಿನವರು. ಕಥೆ ನಡೆಯುವುದು ಮೊಂಟಾನಾದಲ್ಲಿ. 1912ರಲ್ಲಿ ಅಲ್ಲಿನ ಒಬ್ಬ ಪಾದ್ರಿಯ ಚರ್ಚಿಗೆ ಗುಡ್ ಸ್ಟ್ಯಾಬ್ ಅನ್ನುವ ಬ್ಲ್ಯಾಕ್‌ಫೀಟ್ ಮನುಷ್ಯ ಬಂದು ತನ್ನ ಕಥೆ ಹೇಳಲು ಶುರು ಮಾಡುತ್ತಾನೆ. ಪಾದ್ರಿ ಅದನ್ನೆಲ್ಲ ಡೈರಿಯಲ್ಲಿ ಬರೆಯುತ್ತಾನೆ. ಆ ಡೈರಿ ನೂರು ವರ್ಷ ಗೋಡೆಯೊಳಗೆ ಬಿದ್ದಿರುತ್ತದೆ.

ಬಂದವನು ರಕ್ತ ಕುಡಿಯುವವನು. ಅಷ್ಟೇ ಆಗಿದ್ದರೆ ನಾನು ಆಕಳಿಸಿ ಮಲಗುತ್ತಿದ್ದೆ. ಆದರೆ ಇವನು ಯಾರ ರಕ್ತ ಕುಡಿಯುತ್ತಾನೋ ನಿಧಾನಕ್ಕೆ ಅವರ ಹಾಗೇ ಆಗುತ್ತಾನೆ. ಬಿಳಿಯರ ರಕ್ತ ಕುಡಿದರೆ ಗಡ್ಡ ಬರುತ್ತದೆ. ತನ್ನ ಜನರಂತೆಯೇ ಉಳಿಯಬೇಕು ಅಂದರೆ ತನ್ನ ಜನರನ್ನೇ ಕುಡಿಯಬೇಕು. ಈ ಜಾಗಕ್ಕೆ ಬಂದಾಗ ಪುಸ್ತಕ ಬೋರಲು ಹಾಕಿ ಸುಮ್ನೆ ಕೂತೆ. ಆಮೇಲೆ ಎದ್ದು ಕಾಫಿ ಮಾಡಿಕೊಂಡೆ. ಗಂಟೆ ಒಂದೂವರೆ.

ಕಥೆಯ ಬುಡದಲ್ಲಿ ಇರುವುದು ನಿಜವಾಗಿ ನಡೆದದ್ದು. 1870ರ ಜನವರಿ 23ರಂದು, ಮೈ ಕೊರೆಯುವ ಚಳಿಯಲ್ಲಿ, ಮೊಂಟಾನಾದ ಮರಾಯಸ್ ನದಿಯ ದಡದಲ್ಲಿದ್ದ ಬ್ಲ್ಯಾಕ್‌ಫೀಟ್ ಜನರ ಬಿಡಾರದ ಮೇಲೆ ಅಮೆರಿಕದ ಸೈನ್ಯ ಗುಂಡು ಹಾರಿಸಿತು. ಸತ್ತವರು ಸುಮಾರು 200 ಜನ. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಬಿಡಾರದಲ್ಲಿ ಸಿಡುಬು ಬೇರೆ ಹಬ್ಬಿತ್ತು. ಅವರ ಮುಖಂಡ ಹೆವಿ ರನ್ನರ್ ಹತ್ತಿರ, ಇವನು ನಮ್ಮ ಸ್ನೇಹಿತ, ತೊಂದರೆ ಕೊಡಬೇಡಿ ಅನ್ನುವ ಸರ್ಕಾರದ ಕಾಗದವೇ ಇತ್ತು. ಅವನನ್ನೂ ಹೊಡೆದರು. ಆ ಕಾಗದ ನೆನೆಸಿಕೊಂಡರೆ ಕೋರೆಹಲ್ಲು ಯಾವ ಲೆಕ್ಕ?

ಇನ್ನೊಂದು, ಗ್ರೇಡಿ ಹೆಂಡ್ರಿಕ್ಸ್ ಅವರ ‘ವಿಚ್‌ಕ್ರಾಫ್ಟ್ ಫಾರ್ ವೇವರ್ಡ್ ಗರ್ಲ್ಸ್’. 1970ರ ಫ್ಲಾರಿಡಾ. ಮದುವೆಗೆ ಮುಂಚೆ ಬಸುರಾದ ಹುಡುಗಿಯರನ್ನು ಅಪ್ಪ ಅಮ್ಮಂದಿರೇ ತಂದು ಬಚ್ಚಿಡುವ ಮನೆ. ಅಲ್ಲಿ ನಿಜವಾದ ಹೆಸರು ಹೇಳುವಂತಿಲ್ಲ, ಗಿಡದ, ಹೂವಿನ ಹೆಸರು ಇಡುತ್ತಾರೆ: ಫರ್ನ್, ರೋಸ್, ಝಿನಿಯಾ. ಹುಡುಗಿಯರಿಗೆ ಮಾಟದ ಪುಸ್ತಕ ಸಿಗುವುದು ಸಂಚಾರಿ ಗ್ರಂಥಾಲಯದಲ್ಲಿ. ಮಾಟ ಮಂತ್ರ ಓದಿ ನನಗೇನೂ ಆಗಲಿಲ್ಲ. ಹೆರಿಗೆಯ ಪುಟಗಳಲ್ಲಿ ಮಾತ್ರ ಕೈ ತಣ್ಣಗಾಯಿತು. ಎರಡು ಹೆತ್ತವಳು ನಾನು.

ಪ್ರಶ್ನೆ: ಮುಂದೆ ಯಾವ ಪುಸ್ತಕಕ್ಕೆ ಕಾಯುತ್ತಿದ್ದೀರಿ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಸ್ಟೀಫನ್ ಕಿಂಗ್, ಪೀಟರ್ ಸ್ಟ್ರೌಬ್ ಇಬ್ಬರೂ ಸೇರಿ 1984ರಲ್ಲಿ ‘ದಿ ಟ್ಯಾಲಿಸ್ಮನ್’ ಬರೆದರು. ಕ್ಯಾನ್ಸರ್ ಬಂದ ಅಮ್ಮನನ್ನು ಉಳಿಸಲು ಹನ್ನೆರಡು ವರ್ಷದ ಹುಡುಗ ಅಮೆರಿಕದ ಆ ತುದಿಯಿಂದ ಈ ತುದಿಗೆ ಹೊರಡುವ ಕಥೆ. ಅದರ ಎರಡನೆಯ ಭಾಗ ಬಂದದ್ದು 2001ರಲ್ಲಿ. ಮೂರನೆಯದು ಬರುವ ಮೊದಲೇ, 2022ರಲ್ಲಿ, ಸ್ಟ್ರೌಬ್ ತೀರಿಕೊಂಡರು. ಕಿಂಗ್ ಒಬ್ಬರೇ ಕೂತು ಅದನ್ನು ಬರೆದಿದ್ದಾರೆ. ಅದು ಕೈಗೆ ಬರುವುದನ್ನೇ ಕಾಯುತ್ತಿದ್ದೇನೆ. ಗೆಳೆಯ ಬರೆಯಬೇಕಿದ್ದ ಪುಟಗಳು ಎಲ್ಲಿ ಖಾಲಿ ಅನ್ನಿಸುತ್ತವೆ ಅಂತ ಹುಡುಕಬೇಕು ನನಗೆ.

ಅಲ್ಲಿಯವರೆಗೆ ಕಿಂಗ್ ಮಗ ಜೋ ಹಿಲ್ ಇದ್ದಾರೆ. 2016ರ ಕಾದಂಬರಿ ಆದಮೇಲೆ ಒಂಬತ್ತು ವರ್ಷ ಕಾಯಿಸಿ ‘ಕಿಂಗ್ ಸಾರೋ’ ಕೊಟ್ಟರು. ಸುಮಾರು 900 ಪುಟ, ಎದೆ ಮೇಲೆ ಇಟ್ಟುಕೊಂಡು ಓದಿದರೆ ಉಸಿರು ಕಟ್ಟುತ್ತೆ. ಆರು ಜನ ಗೆಳೆಯರು ಒಂದು ಕಷ್ಟದಿಂದ ಪಾರಾಗಲು ಡ್ರ್ಯಾಗನ್ ಒಂದನ್ನು ಕರೆಯುತ್ತಾರೆ. ಅದು ಕೆಲಸ ಮಾಡಿಕೊಡುತ್ತೆ, ಆಮೇಲೆ ವರ್ಷಕ್ಕೊಂದು ಬಲಿ ಕೇಳುತ್ತೆ. ಮೀಟರ್ ಬಡ್ಡಿ ಸಾಲದ ಹಾಗೆ ಅಲ್ವಾ? ನಾನು ಅರ್ಧಕ್ಕೆ ಬಂದಿದ್ದೇನೆ. ಮುಂದಿನದು ಗೊತ್ತಿದ್ದವರು ದಯವಿಟ್ಟು ಕಾಗದ ಬರೆಯಬೇಡಿ.

ಪ್ರಶ್ನೆ: ಅಷ್ಟು ದಪ್ಪ ಇಂಗ್ಲಿಷ್ ಪುಸ್ತಕ ನನ್ನ ಕೈಲಾಗಲ್ಲ. ಒಂದೇ ಕೂತಲ್ಲಿ ಮುಗಿಯುವ, ನಿಜಕ್ಕೂ ಹೆದರಿಸುವ ಕಥೆ ಒಂದು ಹೇಳಿ.
– ಗೃಹಿಣಿ, ಚನ್ನಪಟ್ಟಣ

ಉತ್ತರ: ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಬರೆದ ‘ದಿ ಮಂಕೀಸ್ ಪಾ’, 1902ರದು. ಅರ್ಧ ಗಂಟೆಯ ಓದು. ಒಣಗಿದ ಕೋತಿ ಪಂಜ, ಮೂರು ವರ. ಯಂತ್ರಕ್ಕೆ ಸಿಕ್ಕಿ ಸತ್ತ ಮಗ ವಾಪಸ್ ಬರಲಿ ಅಂತ ತಾಯಿ ಬೇಡಿಸುತ್ತಾಳೆ. ನಡುರಾತ್ರಿ ಬಾಗಿಲು ತಟ್ಟುವ ಶಬ್ದ. ಅವಳು ಮೇಲಿನ ಅಗುಳಿಗೆ ಕೈ ಎಟುಕದೆ ಒದ್ದಾಡುತ್ತಾಳೆ. ಹೊರಗೆ ಏನು ನಿಂತಿದೆ ಅಂತ ಜೇಕಬ್ಸ್ ಕೊನೆಗೂ ತೋರಿಸುವುದಿಲ್ಲ. ನಮ್ಮವರೇ ಬಂದು ತಟ್ಟಿದಾಗ ತೆಗೆಯಲೋ ಬೇಡವೋ ಅನ್ನುವ ಆ ಒಂದು ಗಳಿಗೆ ಇದೆಯಲ್ಲ, ನನಗೆ ಅದಕ್ಕಿಂತ ದೊಡ್ಡ ಹೆದರಿಕೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

1990ರ ದಶಕದಲ್ಲಿ ಬೆಂಗಳೂರಿನಲ್ಲಿ ‘ನಾಳೆ ಬಾ’ ಗಲಾಟೆ ಎದ್ದಿತ್ತು, ನೆನಪಿದೆಯಾ? ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತೆ, ಬಾಗಿಲು ತೆಗೆದರೆ ಕಥೆ ಮುಗಿಯಿತು ಅಂತ. ನಮ್ಮ ಓಣಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದ ಅಕ್ಷರ. ಯಜಮಾನರಿಗೆ ಆಗ ಸೆಕೆಂಡ್ ಶಿಫ್ಟ್. ಒಂದು ರಾತ್ರಿ ಅವರು ಬಂದು ಕರೆದರು. ಅವರದೇ ದನಿ. ನಾನು ಒಳಗಿನಿಂದ ‘ನಾಳೆ ಬಾ’ ಅಂದೆ. ಟಿಫನ್ ಕ್ಯಾರಿಯರ್ ಹಿಡಿದುಕೊಂಡು ಕಾಲು ಗಂಟೆ ಹೊರಗೆ ನಿಂತಿದ್ದರು ಪಾಪ. ಕೊನೆಗೆ ನಮ್ಮತ್ತೆಗೆ ಇವರು ಕೊಡಬೇಕಿದ್ದ ಸಾಲದ ಲೆಕ್ಕವನ್ನು ಪೈಸೆ ಸಮೇತ ಹೇಳಿದ ಮೇಲೆ ಚಿಲಕ ತೆಗೆದೆ.