ಓವನ್‌ನಲ್ಲಿ ಚಕ್ರ ಉಬ್ಬುವುದು ಯಾಕೆ?
ಫಿನಾಲಿಕ್ ರೆಸಿನ್ (ಬಿಸಿಗೆ ಗಟ್ಟಿಯಾಗುವ ಅಂಟು) ಹಾಕಿ ಒತ್ತಿದ ಗ್ರೈಂಡಿಂಗ್ ಚಕ್ರ ಓವನ್‌ನಲ್ಲಿ ಉಬ್ಬುತ್ತದೆ, ಎಪಾಕ್ಸಿ ಎಂಬ ಇನ್ನೊಂದು ಅಂಟಿನಲ್ಲಿ ಹೀಗಾಗಲಿಲ್ಲ ಅಂತ ಕೇಳಿದ್ದೀರಿ. ಫಿನಾಲಿಕ್ ಗಟ್ಟಿಯಾಗುವಾಗ ನೀರಾವಿ ಬಿಡುತ್ತದೆ. ನೊವೊಲಾಕ್ ಪುಡಿಗೆ (ಪುಡಿ ರೂಪದ ಫಿನಾಲಿಕ್) ಅದನ್ನು ಗಟ್ಟಿಯಾಗಿಸುವ ಹೆಕ್ಸಮೀನ್ ಸೇರಿಸಿದ್ದರೆ ಅಮೋನಿಯಾ ಕೂಡ. ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುತ್ತದಲ್ವಾ, ಆ ಘಾಟು ಅದೇ. ಎಪಾಕ್ಸಿ ಇಂಥದ್ದೇನೂ ಬಿಡುವುದಿಲ್ಲ.

ಬಿಸಿ ದಿಢೀರನೆ ಏರಿಸಿದರೆ ಹೊರಮೈ ಮೊದಲು ಬಿಗಿದು ಆವಿ ಒಳಗೇ ಸಿಕ್ಕಿಕೊಳ್ಳುತ್ತದೆ. 80ರಿಂದ 120 ಡಿಗ್ರಿ ಸೆಲ್ಸಿಯಸ್‌ವರೆಗೆ ತೀರಾ ನಿಧಾನ ಹೋಗಿ, ಆಮೇಲೆ 180ರ ಆಸುಪಾಸಿಗೆ ಏರಿಸಿ. ದಪ್ಪ ಚಕ್ರಕ್ಕೆ ಇಡೀ ದಿನ ಹಿಡಿದರೂ ಆಶ್ಚರ್ಯವಿಲ್ಲ.

ಅಂದಹಾಗೆ, ಚಕ್ರದ ಉಜ್ಜುವ ಕಾಳಿಗೆ ಮೊದಲು ರೆಸೋಲ್, ಅಂದರೆ ದ್ರವ ರೂಪದ ಫಿನಾಲಿಕ್, ಸವರಿದ್ರಾ? ಅದು ಜಾಸ್ತಿಯಾದರೂ ಉಬ್ಬುತ್ತದೆ, ಅದರಲ್ಲೇ ನೀರಿರುತ್ತದೆ. ಕಾಳು ಸುಮ್ನೆ ಒದ್ದೆಯಾಗಿ ಹೊಳೆದರೆ ಸಾಕು, ಪಾತ್ರೆಯ ತಳದಲ್ಲಿ ರೆಸೋಲ್ ನಿಲ್ಲಬಾರದು.